ಎರಡನೇ ಟಿಕ್ ಬೀಳುವವರೆಗೆ

ಮಲ್ಲಿಗೆ ಬೆಳೆಯುವ ಮನೆಯ ಅಂಗಳ ಘಮಘಮಿಸುತ್ತಿದ್ದರೆ ಆ ಮನೆಯಲ್ಲಿ ಏನೋ ಸರಿಯಿಲ್ಲ ಎಂದೇ ಅರ್ಥ. ನಮ್ಮ ಕಡೆ ಹೂವನ್ನು ಮೊಗ್ಗಾಗಿರುವಾಗಲೇ ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲು ಕಳುಹಿಸಿಬಿಡುತ್ತಾರೆ. ಪರಿಮಳವೆಲ್ಲ ಮುಡಿದವರಿಗೆ. ಬೆಳೆದವರ ಅಂಗಳದಲ್ಲಿ ಉಳಿಯುವುದು ಬರೀ ಹಸಿರು ಗಿಡ. ಗಿಡದಲ್ಲೇ ಹೂ ಅರಳಿ ರಸ್ತೆಗೆ ಪರಿಮಳ ಬಂತೆಂದರೆ ಯಾರೋ ಹುಷಾರಿಲ್ಲದೆ ಮಲಗಿದ್ದಾರೆ, ಇಲ್ಲವೇ ಯಾರೋ ಸಿಟ್ಟಿನಲ್ಲಿದ್ದಾರೆ.

ಆ ಬುಧವಾರ ಹೂವಿನಕ್ಕ ನನ್ನ ಅಂಗಡಿಗೆ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ ಹೇಳಿದ್ದು ಇದನ್ನೇ. "ಉಮ್ಮನ ಅಂಗಳ ಇಡೀ ಅರಳಿದೆ ಮಾರಾಯ್ತಿ. ಒಂದು ಮೊಗ್ಗು ಕೊಯ್ಲಿಲ್ಲ ಅವರು. ನನ್ನ ಫೋನ್ ಒಮ್ಮೆ ನೋಡು, ಅದಕ್ಕೂ ಎಂತದೋ ಆಗಿದೆ."

ನನ್ನದು ಕಾಪು ಪೇಟೆಯಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ. ಒಂದು ಬದಿಗೆ ಬೇಕರಿ, ಇನ್ನೊಂದು ಬದಿಗೆ ಟೈಲರ್. ಹೂವಿನಕ್ಕ ನನ್ನ ಹಳೆಯ ಗಿರಾಕಿ. ಉದ್ಯಾವರದಿಂದ ಕಾಪುವಿನವರೆಗಿನ ಒಳದಾರಿಗಳಲ್ಲಿ ಸ್ಕೂಟರ್ ಓಡಿಸಿ, ಮನೆಮನೆಯಿಂದ ಮಲ್ಲಿಗೆ ಒಟ್ಟುಮಾಡಿ ಶಂಕರಪುರದ ಹೂ ವ್ಯಾಪಾರದ ಕಟ್ಟೆಗೆ ಮುಟ್ಟಿಸುವುದು ಅವರ ಕೆಲಸ. ಉಮ್ಮ ಎಂದರೆ ಆ ಮನೆಗಳಲ್ಲೊಂದರ ಹಿರಿಯ ಬ್ಯಾರಿ ಮುಸ್ಲಿಂ ಹೆಂಗಸು. ಮಕ್ಕಳು ಕರೆದ ಹೆಸರೇ ಇಡೀ ಓಣಿಗೆ ಬಾಯಿಪಾಠವಾಗಿ, ಈಗ ಪೋಸ್ಟಿನವನೂ ಅವರನ್ನು ಉಮ್ಮ ಎಂದೇ ಕರೆಯುತ್ತಾನೆ. ಅವರ ಗಿಡದ ಮೊಗ್ಗು ಉದ್ದ, ದಪ್ಪ, ಎಲ್ಲವೂ ಒಂದೇ ಅಳತೆ. ಭಾನುವಾರ ಕಾರ್ಕಳದಲ್ಲಿ ಒಂದು ಮದುವೆಯಿತ್ತು. ಮದುಮಗಳ ಮೊಗ್ಗಿನ ಜಡೆಗೆ ಉಮ್ಮನ ಮನೆಯ ಹೂವನ್ನೇ ತರುತ್ತೇನೆಂದು ಹೂವಿನಕ್ಕ ಮಾತು ಕೊಟ್ಟಾಗಿತ್ತು.

"ಉಮ್ಮನಿಗೆ ಸಿಟ್ಟು ಯಾಕೆ ಅಕ್ಕ?" ಎಂದು ಕೇಳಿದೆ.

"ಅದೇ ಗೊತ್ತಿಲ್ಲ. ನಿನ್ನೆಯಿಂದ ಮೆಸೇಜ್ ಇಲ್ಲ. ಫೋನ್ ಮಾಡಿದ್ರೆ ತೆಗಿಯುದಿಲ್ಲ. ಇಷ್ಟು ವರ್ಷದಲ್ಲಿ ಹೀಗೆ ಆದದ್ದೇ ಇಲ್ಲ," ಎಂದು ಹೆಲ್ಮೆಟ್ಟನ್ನು ಕೌಂಟರಿನ ಮೇಲಿಟ್ಟರು. ಅವರು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಹೆದ್ದಾರಿಯಲ್ಲಿ ಟ್ಯಾಂಕರಿನವನಿಗೇ ಬೈದು ದಾರಿ ಬಿಡಿಸಿಕೊಳ್ಳುವ ಹೆಂಗಸು ಅವರು.

ಇವರ ವ್ಯವಹಾರದ ರೀತಿಯನ್ನು ಸ್ವಲ್ಪ ಹೇಳಬೇಕು. ಬೆಳಿಗ್ಗೆ ಹೂ ಕಟ್ಟಿ ಆದಮೇಲೆ ಪ್ರತಿ ಮನೆಯವರೂ ವಾಟ್ಸ್ಯಾಪಿನಲ್ಲಿ ಒಂದು ವಿಡಿಯೊ ಕಳುಹಿಸುತ್ತಾರೆ. ಕಟ್ಟಿ ಸುತ್ತಿದ ಹೂವಿನ ಚೆಂಡನ್ನು ಕ್ಯಾಮೆರಾದ ಎದುರು ಹಿಡಿದು ತಿರುಗಿಸುತ್ತಾ, ಇಷ್ಟು ಚೆಂಡು ಉಂಟು, ಮೊಗ್ಗು ಹೀಗುಂಟು ಎಂದು ಬಾಯಲ್ಲಿ ಹೇಳುವುದು. ಟೈಪ್ ಮಾಡುವ ಕಷ್ಟ ಯಾರಿಗೂ ಬೇಡ. ಮೊದಲು ಫೋಟೊ ಸಾಕಿತ್ತು. ಯಾರೋ ಒಬ್ಬರು ಹಿಂದಿನ ದಿನದ ಫೋಟೊವನ್ನೇ ತಪ್ಪಿ ಕಳುಹಿಸಿದ ಮೇಲೆ ಹೂವಿನಕ್ಕನೇ ವಿಡಿಯೊ ಕಡ್ಡಾಯ ಮಾಡಿದ್ದರು. ಯಾವ ಮನೆಯಿಂದ ವಿಡಿಯೊ ಬರಲಿಲ್ಲವೋ ಆ ಮನೆಯಲ್ಲಿ ಆ ದಿನ ಹೂವಿಲ್ಲವೆಂದು ಲೆಕ್ಕ. ಸ್ಕೂಟರ್ ಅಲ್ಲಿ ನಿಲ್ಲುವುದಿಲ್ಲ.

ಫೋನ್ ಕೈಗೆ ತೆಗೆದುಕೊಂಡೆ. ಬಿಸಿಯಾಗಿತ್ತು. ವಾಟ್ಸ್ಯಾಪ್ ಒತ್ತಿದರೆ ತೆರೆಯಲೇ ಇಲ್ಲ. ಜಾಗ ಖಾಲಿ ಮಾಡಿದರೆ ಮಾತ್ರ ಒಳಗೆ ಬಿಡುತ್ತೇನೆಂಬ ಅರ್ಥದ ಒಂದು ಚೌಕ ಎದ್ದು ನಿಂತಿತು. ಸೆಟ್ಟಿಂಗ್ಸಿಗೆ ಹೋಗಿ ನೋಡಿದರೆ ಸ್ಟೋರೇಜಿನ ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಬಣ್ಣ ತುಂಬಿಕೊಂಡು ಕೂತಿತ್ತು.

"ಫುಲ್ ಆಗಿದೆ ಅಂತ ಇದು ಮೊದಲೇ ಹೇಳಿರ್ಬೇಕಲ್ಲ ಅಕ್ಕ?"

"ಅದು ದಿನಾ ಹೇಳ್ತದೆ. ನಾನು ಬದಿಗೆ ದೂಡಿ ಬಿಡುದು."

ಇದು ಎಲ್ಲರ ಕಥೆ. ಫೋನ್ ವಾರಗಟ್ಟಲೆ ಗೋಗರೆಯುತ್ತದೆ, ನಾವು ಬೆರಳಿನಲ್ಲಿ ಬದಿಗೆ ಸರಿಸುತ್ತೇವೆ. ಕೊನೆಗೆ ಅದು ಉಸಿರಾಡಲು ಜಾಗವಿಲ್ಲದೆ ಕೂತುಬಿಡುತ್ತದೆ. ಬಂದ ಮೆಸೇಜನ್ನು ಬರೆದಿಟ್ಟುಕೊಳ್ಳಲೂ ಫೋನಿಗೆ ಒಂದಿಷ್ಟು ಜಾಗ ಬೇಕು. ಅದೂ ಇಲ್ಲದಿದ್ದರೆ ಮೆಸೇಜ್ ಹೊರಗೇ ನಿಲ್ಲುತ್ತದೆ.

ಅಂದು ಕೌಂಟರಿನ ಎದುರು ನಾಲ್ಕೈದು ಜನ ಕಾದಿದ್ದರು. ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಮಾಡಿದೆ. ಮೊದಲು ಕಂಡದ್ದು ಒಂದು ಕ್ಲೀನರ್ ಆ್ಯಪ್. ಫೋನ್ ಗುಡಿಸುತ್ತೇನೆಂದು ಬಂದು, ಜಾಹೀರಾತುಗಳನ್ನು ತುಂಬಿಸಿಕೊಂಡು ತಾನೇ ಹಾಸಿಗೆ ಹಾಕಿ ಮಲಗಿತ್ತು. ಅದನ್ನು ಕಿತ್ತೆ. ಯಾರೋ ನೆಂಟರ ಮಕ್ಕಳು ಹಾಕಿ ಹೋದ ಆಟಗಳನ್ನು ತೆಗೆದೆ. ಗ್ಯಾಲರಿಯ ಟ್ರ್ಯಾಶ್ ತೆರೆದರೆ ಅಕ್ಕ ಡಿಲೀಟ್ ಮಾಡಿದ್ದೆಲ್ಲ ಅಲ್ಲೇ ಇತ್ತು. ಡಿಲೀಟ್ ಒತ್ತಿದ ಕೂಡಲೇ ಫೋಟೊ ಹೋಗುವುದಿಲ್ಲ, ಮನಸ್ಸು ಬದಲಾದೀತೆಂದು ಕೆಲವು ವಾರ ಬುಟ್ಟಿಯಲ್ಲಿರುತ್ತದೆ, ಅಷ್ಟು ದಿನವೂ ಜಾಗ ತಿನ್ನುತ್ತಲೇ ಇರುತ್ತದೆ. ಇದನ್ನು ಕೌಂಟರಿನಲ್ಲಿ ದಿನಕ್ಕೆ ಎಷ್ಟು ಜನರಿಗೆ ಹೇಳುತ್ತೇನೋ! ಬುಟ್ಟಿ ಖಾಲಿ ಮಾಡಿದೆ. ವಾಟ್ಸ್ಯಾಪ್ ತೆರೆಯಿತು.

ತೆರೆದದ್ದೇ ತಡ, ತಡೆದಿಟ್ಟ ಮೆಸೇಜುಗಳೆಲ್ಲ ಒಂದೇ ಸಮನೆ ಟಿಣ್ ಟಿಣ್ ಎಂದು ಸುರಿದವು. ಬೇಕರಿಯವರು ತಲೆ ಹೊರಗೆ ಹಾಕಿ ನೋಡಿದರು. ನಡುವೆ ಉಮ್ಮನ ಧ್ವನಿ ಸಂದೇಶಗಳೂ ಇದ್ದವು. ಹೂವಿನಕ್ಕ ನನ್ನ ಕೈಯಿಂದ ಫೋನ್ ಕಸಿದುಕೊಂಡು ಒಂದೊಂದಾಗಿ ಒತ್ತಿದರು. ಉಮ್ಮನ ಮಾತಿನಲ್ಲಿ ಬ್ಯಾರಿ, ತುಳು, ಕನ್ನಡ ಮೂರೂ ಕೂಡಿರುತ್ತವೆ. ಇಲ್ಲಿ ಕನ್ನಡವನ್ನಷ್ಟೇ ಬರೆಯುತ್ತಿದ್ದೇನೆ.

"ಮಗಳೇ, ಇವತ್ತು ಹೂ ಒಳ್ಳೆದುಂಟು. ಬೇಗ ಬಾ."

"ಎಲ್ಲಿ ಮುಟ್ಟಿದ್ದಿ? ಬಿಸಿಲು ಬಂತು."

"ಒಂದೇ ಟಿಕ್ ತೋರಿಸ್ತಾ ಉಂಟು. ಫೋನ್ ಆಫ್ ಉಂಟಾ ನಿನ್ನದು?"

ಕೊನೆಯದು ಅದೇ ದಿನ ಬೆಳಿಗ್ಗೆ ಕಳುಹಿಸಿದ್ದು. "ನಿನ್ನೆ ನಿನ್ನ ಸ್ಕೂಟರ್ ನಮ್ಮ ಗೇಟಿನ ಎದುರೇ ಹೋಯ್ತು. ಕಿವಿಗೆ ಫೋನ್ ಇಟ್ಟುಕೊಂಡೇ ಹೋದಿ. ಆಫ್ ಇಲ್ಲ ಅದು. ನನ್ನನ್ನು ಬ್ಲಾಕ್ ಮಾಡಿದ್ದಿ ಅಲ್ವಾ? ಆಯ್ತು. ಬೇಡದವರಿಗೆ ಹೂ ಕೊಡ್ಲಿಕ್ಕೆ ನನಗೂ ಮನಸ್ಸಿಲ್ಲ."

ಹೂವಿನಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟರು.

ಬೇರೆ ಮನೆಯವರಾದರೆ ಹೂ ಕೊಂಡುಹೋಗಲು ಬರಲಿಲ್ಲವೆಂದು ಫೋನ್ ಮಾಡಿ ನಾಲ್ಕು ಮಾತು ಬೈದಿದ್ದರು, ಅಲ್ಲಿಗೆ ಮುಗಿದಿತ್ತು. ಉಮ್ಮ ಹಾಗಲ್ಲ. ಅವರ ಮಗ ಗಲ್ಫಿನಲ್ಲಿದ್ದಾನೆ. ಫೋನ್ ಕೊಡಿಸಿದ ದಿನ ಅವನು ಟಿಕ್ಕುಗಳ ಪಾಠ ಮಾಡಿ ಹೋಗಿದ್ದ. ಒಂದು ಟಿಕ್ ಎಂದರೆ ಇಲ್ಲಿಂದ ಹೊರಟಿತು, ಎರಡು ಎಂದರೆ ಅಲ್ಲಿ ಮುಟ್ಟಿತು, ನೀಲಿ ಎಂದರೆ ಕೇಳಿ ಆಯಿತು. ಅಂದಿನಿಂದ ಉಮ್ಮ ಮನುಷ್ಯರ ಮನಸ್ಸನ್ನು ಟಿಕ್ಕಿನಲ್ಲೇ ಅಳೆಯುತ್ತಾರೆ. ಫೋನ್ ಆನ್ ಇದ್ದೂ ಒಂದೇ ಟಿಕ್ ಬಿದ್ದರೆ ಅವರ ಪ್ರಕಾರ ಅರ್ಥ ಒಂದೇ: ಬಾಗಿಲು ಹಾಕಿಕೊಂಡಿದ್ದಾರೆ.

"ಹೋಗಿ ನೇರ ಹೇಳಿ ಅಕ್ಕ. ಸ್ಟೋರೇಜ್ ಫುಲ್ ಇತ್ತು ಅಂತ," ಎಂದೆ. ಅಷ್ಟು ಸಣ್ಣ ವಿಷಯ ಎಂದೇ ನಾನು ತಿಳಿದಿದ್ದೆ.

ಸಂಜೆ ಹೂವಿನಕ್ಕ ಉಮ್ಮನ ಮನೆಗೆ ಹೋಗಿ, ಅಲ್ಲಿಂದ ನನಗೆ ಫೋನ್ ಮಾಡಿದರು. ಉಮ್ಮ ಗೇಟಿನಲ್ಲೇ ನಿಂತು ಮಾತಾಡಿದರಂತೆ. "ಮೆಮರಿ ಫುಲ್ ಅಂತ ಮಾತ್ರ ನನಗೆ ಹೇಳ್ಬೇಡ, ಆ ಕಥೆ ನಾನು ಮೊದಲೇ ಕೇಳಿದ್ದೇನೆ" ಎಂದರಂತೆ. ಬಹಳ ಬೇಡಿಕೊಂಡ ಮೇಲೆ ಒಂದು ಮಾತಿಗೆ ಬಂದಿದ್ದರು. ಮರುದಿನ ಬೆಳಿಗ್ಗೆ ಅವರೇ ಮೆಸೇಜ್ ಹಾಕುವುದು, ಎರಡು ಟಿಕ್ ಬಿದ್ದರೆ ಹೂ ಕೊಯ್ಯುವುದು, ಬೀಳದಿದ್ದರೆ ಇಲ್ಲ.

"ಬೀಳ್ತದಲ್ಲ?" ಎಂದು ಹೂವಿನಕ್ಕ ಕೇಳಿದರು.

"ಬೀಳದೆ ಎಂತ?" ಎಂದೆ ನಾನು, ಬಹಳ ಜೋರಿನಲ್ಲಿ.

ಗುರುವಾರ ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಅವರು ಅಂಗಡಿಯ ಎದುರು ನಿಂತಿದ್ದರು. ಒಂದೇ ಟಿಕ್ ಬಿದ್ದಿತ್ತು. ಉಮ್ಮ ಪಕ್ಕದ ಮನೆಯವರ ಕೈಯಲ್ಲಿ ಹೇಳಿ ಕಳುಹಿಸಿದ್ದರು: ಇನ್ನು ಬರುವುದು ಬೇಡ.

"ಎಂತ ರಿಪೇರಿ ಮಾರಾಯ್ತಿ ನಿನ್ನದು? ಇದ್ದ ಮಾನವೂ ಹೋಯ್ತು!" ಎಂದು ಹೂವಿನಕ್ಕ ಫೋನನ್ನು ಕೌಂಟರಿನ ಮೇಲೆ ಕುಕ್ಕಿದರು. ಬೈಸಿಕೊಳ್ಳಲು ನನಗೂ ಬೇಸರವಾಯಿತು, ಆದರೆ ಬೈಗುಳ ನ್ಯಾಯವಾಗಿತ್ತು. ಹಿಂದಿನ ದಿನ ನಾನು ಒಂದಿಷ್ಟು ಜಾಗ ಮಾಡಿ ಕೊಟ್ಟಿದ್ದೆ, ಬಾಗಿಲು ಮಾತ್ರ ಹಾಗೇ ತೆರೆದು ಬಿಟ್ಟಿದ್ದೆ. ವಾಟ್ಸ್ಯಾಪಿನಲ್ಲಿ ಆಟೋ ಡೌನ್‌ಲೋಡ್ ಎಂಬ ಒಂದು ಸೆಟ್ಟಿಂಗ್ ಉಂಟು. ಅದು ಆನ್ ಇದ್ದರೆ ಯಾರು ಏನು ಕಳುಹಿಸಿದರೂ ಫೋನ್ ಕೇಳದೆ ಒಳಗೆಳೆದುಕೊಳ್ಳುತ್ತದೆ. ನಾನು ಮಾಡಿಕೊಟ್ಟ ಜಾಗಕ್ಕೆ ರಾತ್ರಿ ಬೆಳಗಾಗುವುದರೊಳಗೆ ಎರಡು ದಿನದಿಂದ ಹೊರಗೆ ನಿಂತಿದ್ದ ವಿಡಿಯೊಗಳೆಲ್ಲ ನುಗ್ಗಿ ಕೂತಿದ್ದವು. ಕಿಟಕಿ ಬದಿಯ ಸೀಟಿಗೆ ಹೊರಗಿನಿಂದಲೇ ಟವೆಲ್ ಹಾಕುವ ಬಸ್ಸಿನ ಜನರ ಹಾಗೆ.

ಮಣಿಪಾಲದ ಕಾಲೇಜಿನ ಹುಡುಗಿಯೊಬ್ಬಳು ಸ್ಕ್ರೀನ್ ಬದಲಿಸಲು ಬಂದಿದ್ದಳು. "ಆಂಟಿ, ಫಾರ್ಮ್ಯಾಟ್ ಮಾಡಿ ಬಿಡಿ, ಸಿಂಪಲ್," ಎಂದಳು. ಫಾರ್ಮ್ಯಾಟ್ ಎಂಬ ಮಾತು ಕೇಳಿದರೇ ನನಗೆ ಮೈ ಉರಿಯುತ್ತದೆ. ಇಡೀ ಮನೆಯನ್ನೇ ಕೆಡವಿ, ಈಗ ಕಸವಿಲ್ಲ ನೋಡಿ ಎಂದ ಹಾಗೆ ಅದು. "ನಿನ್ನ ಫೋನ್ ನೀನು ಮಾಡು ಮಾರಾಯ್ತಿ," ಎಂದೆ. ಅವಳು ನಕ್ಕಳು.

ಈ ಸಲ ಬೇರೆಯವರ ಫೋನುಗಳನ್ನೆಲ್ಲ ಬದಿಗಿಟ್ಟು ಕೂತೆ. ಫೋನನ್ನು ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಏನನ್ನೂ ಅಳಿಸದೆ, ಒಂದೊಂದೇ ಫೋಲ್ಡರ್ ತೆರೆದು ನೋಡಿದೆ. ಅಕ್ಕನ ಸ್ವಂತ ಫೋಟೊಗಳು ಬಹಳ ಕಡಿಮೆ ಇದ್ದವು. ಗುಡ್ ಮಾರ್ನಿಂಗಿನ ಗುಲಾಬಿಗಳು, ಸೂರ್ಯೋದಯಗಳು, ಆವಿಯೇಳುವ ಕಾಫಿ ಲೋಟಗಳು ಒಂದು ರಾಶಿ. ಇವುಗಳನ್ನು ಕಂಡರೆ ನನಗಾಗದು. ನಿಜವಾದ ಮಲ್ಲಿಗೆಯ ನಡುವೆ ಬದುಕುವವರಿಗೆ ಪ್ಲಾಸ್ಟಿಕ್ ಬಣ್ಣದ ಗುಲಾಬಿ ಕಳುಹಿಸುವವರು ಯಾರೋ! ಆದರೆ ಅವು ತಿಂದ ಜಾಗ ಅಷ್ಟೇನಿರಲಿಲ್ಲ. ಚಿತ್ರಗಳು ಹಗುರ, ವಿಡಿಯೊ ಭಾರ.

ಜಾಗದ ಮುಕ್ಕಾಲು ಪಾಲು ತಿಂದದ್ದು ಹೂವಿನ ವಿಡಿಯೊಗಳು. ಪ್ರತಿ ಮನೆ, ಪ್ರತಿ ಬೆಳಿಗ್ಗೆ. ಅದೂ ಒಂದಕ್ಕೆ ಎರಡು. ಮನೆಯಿಂದ ಬಂದ ವಿಡಿಯೊವನ್ನು ಹೂವಿನಕ್ಕ ಗ್ಯಾಲರಿಯಿಂದ ತೆಗೆದು, ತುದಿ ಮೊದಲು ಕತ್ತರಿಸಿ, ಕಟ್ಟೆಯ ವ್ಯಾಪಾರಿಗೂ ಮದುವೆ ಮನೆಯವರಿಗೂ ಕಳುಹಿಸುತ್ತಿದ್ದರು. ಹಾಗೆ ಕಳುಹಿಸಿದ್ದರ ಒಂದು ಪ್ರತಿ ಸೆಂಟ್ ಎಂಬ ಬೇರೆಯೇ ಫೋಲ್ಡರಿನಲ್ಲಿ ಉಳಿಯುತ್ತದೆ. ಗ್ಯಾಲರಿಯಲ್ಲಿ ಅಳಿಸಿದರೂ ಅದು ಅಲ್ಲೇ ಇರುತ್ತದೆ. ಆ ಫೋಲ್ಡರನ್ನು ತೆರೆದು ನೋಡಿದವರು ನನ್ನ ಗಿರಾಕಿಗಳಲ್ಲಿ ಒಬ್ಬರೂ ಇಲ್ಲ.

"ಇಷ್ಟು ಯಾಕೆ ಇಟ್ಟುಕೊಂಡಿದ್ದೀರಿ ಅಕ್ಕ? ಹೂ ಮಾರಿ ಆದಮೇಲೆ ವಿಡಿಯೊ ಎಂತಕ್ಕೆ?"

ಹೂವಿನಕ್ಕ ಲ್ಯಾಪ್‌ಟಾಪಿನ ಪರದೆಯ ಕಡೆ ಬಗ್ಗಿದರು. ಆಮೇಲೆ, "ಹೂ ಅಂತೂ ಒಂದು ದಿನಕ್ಕೆ ಬಾಡ್ತದೆ. ಡಿಲೀಟ್ ಒತ್ತಲಿಕ್ಕೆ ಹೋದ್ರೆ ಅವರ ಕೈ ಕಾಣ್ತದೆ, ಧ್ವನಿ ಕೇಳ್ತದೆ. ಮನಸ್ಸು ಬರುದಿಲ್ಲ," ಎಂದರು.

ಕೆಲಸವೇನೋ ನನಗೆ ಸ್ಪಷ್ಟವಾಯಿತು. ವಿಡಿಯೊಗಳನ್ನು ಲ್ಯಾಪ್‌ಟಾಪಿಗೆ ತುಂಬಿಸಿ, ಫೋನಿನಿಂದ ಅಳಿಸಿ, ಆಟೋ ಡೌನ್‌ಲೋಡ್ ಆಫ್ ಮಾಡಿದರೆ ಮುಗಿಯಿತು. ಕಾಪಿ ಒತ್ತಲು ಬೆರಳಿಟ್ಟವಳು ನಿಂತೆ. ಫೋನ್ ಸರಿಯಾಗುತ್ತದೆ, ಉಮ್ಮ ಸರಿಯಾಗುತ್ತಾರೆಯೇ? ನಿನ್ನೆಯೂ ಸರಿಯಾಗಿದೆ ಎಂದಿದ್ದೆವು. ಇವತ್ತು ಎರಡು ಟಿಕ್ ಬಿದ್ದರೂ, ಬ್ಲಾಕ್ ತೆಗೆದಿದ್ದಾಳೆ ಎಂದೇ ಅವರು ತಿಳಿದುಕೊಳ್ಳುವುದು. ತುಂಬಿದ ಫೋನ್ ಹೇಗೆ ಮೆಸೇಜನ್ನು ಹೊರಗೆ ನಿಲ್ಲಿಸುತ್ತದೆ ಎನ್ನುವುದನ್ನು ಅವರ ಕಣ್ಣು ನೋಡಬೇಕು. ಅದಕ್ಕೆ ಫೋನ್ ತುಂಬಿಯೇ ಇರಬೇಕು.

ಕೇಬಲ್ ಕಿತ್ತು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದೆ. "ನಡೀರಿ ಅಕ್ಕ. ಇದನ್ನು ಇಲ್ಲಿ ಕ್ಲೀನ್ ಮಾಡುದಿಲ್ಲ. ಉಮ್ಮನ ಜಗಲಿಯಲ್ಲಿ ಮಾಡುವ."

"ಓಡಿಸಿ ಬಿಡ್ತಾರೆ."

"ಓಡಿಸಿದ್ರೆ ಓಡುವ."

ಸ್ಕ್ರೀನಿನ ಹುಡುಗಿಗೆ ಸಂಜೆ ಬಾ ಎಂದು ಹೇಳಿ, ಶಟರ್ ಎಳೆದು, ಹೂವಿನಕ್ಕನ ಸ್ಕೂಟರಿನ ಹಿಂದೆ ಕೂತೆ. ಅಂಗಡಿ ಬಿಟ್ಟು ಮನೆಗೆ ಹೋಗಿ ಕೆಲಸ ಮಾಡುವುದು ನನ್ನ ಪದ್ಧತಿಯಲ್ಲ. ಆದರೆ ನಿನ್ನೆ ಜೋರಿನಲ್ಲಿ "ಬೀಳದೆ ಎಂತ" ಎಂದವಳು ನಾನೇ ತಾನೆ?

ಓಣಿಯ ತಿರುವಿನಲ್ಲೇ ಪರಿಮಳ ಎದುರಾಯಿತು. ಉಮ್ಮನ ಅಂಗಳದಲ್ಲಿ ಗಿಡಗಳ ಮೇಲೆಲ್ಲ ಅರಳಿ ಬಾಡಿದ ಹೂ, ನೆಲದ ಮೇಲೂ ಹೂ. ನೋಡಲು ಚಂದವಿತ್ತು, ಹೂವಿನಕ್ಕ ಮಾತ್ರ ಅತ್ತ ನೋಡದೆ ನಡೆದರು. ಉಮ್ಮ ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ನಮ್ಮನ್ನು ಕಂಡು ಮುಖ ತಿರುಗಿಸಿದರು, ಆದರೂ ಒಳಗೆ ಕೂಗಿ ಶರಬತ್ತು ತರಲು ಹೇಳಿದರು. ಸಿಟ್ಟು ಬೇರೆ, ಬಂದವರ ಬಾಯಾರಿಕೆ ಬೇರೆ. ಸೊಸೆ ಲೋಟಗಳನ್ನು ತಂದಿಟ್ಟಳು, ನಾವು ಕುಡಿದೆವು.

"ಉಮ್ಮ, ನಾನು ಫೋನ್ ರಿಪೇರಿಯವಳು," ಎಂದು ಶುರು ಮಾಡಿದೆ. "ತಪ್ಪು ಅಕ್ಕನದ್ದಲ್ಲ. ಒಂದು ಮೆಸೇಜ್ ಹಾಕಿ ನೋಡಿ."

"ಎಂತಕ್ಕೆ? ಒಂದೇ ಬೀಳುದು."

"ಹೌದು, ಒಂದೇ ಬೀಳ್ತದೆ. ಆದ್ರೂ ಹಾಕಿ. ಇವರ ಫೋನ್ ಇಗೋ, ನಿಮ್ಮ ಕೈಯಲ್ಲೇ ಇರ್ಲಿ."

ಒಂದೇ ಬೀಳುತ್ತದೆಂದು ನಾನೇ ಒಪ್ಪಿದ್ದು ಅವರಿಗೆ ವಿಚಿತ್ರವೆನಿಸಿರಬೇಕು. ತಮ್ಮ ಫೋನ್ ತೆಗೆದು, ಬಾಯಿಯ ಹತ್ತಿರ ಹಿಡಿದು, "ಬಂದಿದ್ದಾರೆ, ಶರಬತ್ತು ಕುಡಿದ್ರು" ಎಂದಷ್ಟೇ ಹೇಳಿ ಕಳುಹಿಸಿದರು. ಒಂದು ಟಿಕ್. ಅವರ ಮಡಿಲಲ್ಲೇ ಇದ್ದ ಹೂವಿನಕ್ಕನ ಫೋನ್ ಸದ್ದಿಲ್ಲದೆ ಮಲಗಿತ್ತು. ಉಮ್ಮ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು.

ಬ್ಲಾಕ್ ಮಾಡಿದವರ ಹೆಸರುಗಳು ಎಲ್ಲಿರುತ್ತವೆಂದು ತೋರಿಸಲು ವಾಟ್ಸ್ಯಾಪ್ ತೆರೆಯಲೇ ಇಲ್ಲವಲ್ಲ! ಬದಲಿಗೆ ಸ್ಟೋರೇಜಿನ ಪಟ್ಟಿ ತೋರಿಸಿದೆ. "ಇದು ಫೋನಿನ ಕೋಣೆ ಉಮ್ಮ. ಇಲ್ಲಿಂದ ಇಲ್ಲಿವರೆಗೆ ಸಾಮಾನು ತುಂಬಿದೆ. ನಿಮ್ಮ ಮೆಸೇಜ್ ಬಂದು ಹೊರಗೆ ನಿಂತಿದೆ, ಒಳಗೆ ಕಾಲಿಡ್ಲಿಕ್ಕೆ ಜಾಗ ಇಲ್ಲ."

"ಎಂತ ಸಾಮಾನು?"

ಫೋನನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕಾಪಿಗೆ ಹಾಕಿದೆ. ನಿಧಾನದ ಕೆಲಸ ಅದು. ಕಾಪಿಯಾದವುಗಳಲ್ಲಿ ಒಂದನ್ನು ತೆರೆದು ಪರದೆಯನ್ನು ಅವರ ಕಡೆ ತಿರುಗಿಸಿದೆ. ಉಮ್ಮನದೇ ಕೈ, ಕೈಯಲ್ಲಿ ಮಲ್ಲಿಗೆ ಚೆಂಡು. ಹಿಂದಿನಿಂದ ಮಳೆಯ ಸದ್ದು, ಅದರ ಮೇಲೆ ಅವರದೇ ಧ್ವನಿ: "ಮಳೆ ಜೋರುಂಟು, ರೈನ್‌ಕೋಟ್ ಹಾಕ್ಕೊಂಡು ಬಾ." ಇನ್ನೊಂದು ತೆರೆದೆ. ಚೆಂಡು ತಿರುಗಿಸುವಾಗ ಬೆಕ್ಕೊಂದು ಅಡ್ಡ ಬಂದು, ಉಮ್ಮ ಅದಕ್ಕೆ ಬೈಯುತ್ತಿದ್ದರು. ಇನ್ನೊಂದರಲ್ಲಿ ಸೊಸೆ ಹೂ ಕಟ್ಟುತ್ತಿದ್ದಳು, ಉಮ್ಮ ಗಂಟು ಸಡಿಲವಾಯಿತೆಂದು ತಕರಾರು ತೆಗೆದಿದ್ದರು. ಬಾಗಿಲಲ್ಲಿ ನಿಂತಿದ್ದ ಸೊಸೆ ನಕ್ಕಳು.

"ಇದನ್ನೆಲ್ಲ ಇಟ್ಟುಕೊಂಡಿದ್ದೀಯಾ?" ಉಮ್ಮ ಆ ದಿನ ಮೊದಲ ಬಾರಿಗೆ ಹೂವಿನಕ್ಕನ ಮುಖ ನೋಡಿ ಕೇಳಿದರು.

"ಮತ್ತೆ ಎಂತ ಮಾಡುದು ಉಮ್ಮ? ಅದೇ ತುಂಬಿದ್ದು. ನಿಮ್ಮನ್ನು ಒಳಗೆ ಇಟ್ಟುಕೊಂಡೇ ನಿಮಗೆ ಜಾಗ ಇಲ್ಲದ ಹಾಗೆ ಆಯ್ತು," ಎಂದು ಹೂವಿನಕ್ಕ ಅತ್ತೇಬಿಟ್ಟರು.

ನಾನು ಕಣ್ಣು ಲ್ಯಾಪ್‌ಟಾಪಿನಲ್ಲೇ ನೆಟ್ಟೆ. ಕಾಪಿ ಮುಗಿಯಿತು. ಎಲ್ಲವೂ ಸರಿಯಾಗಿ ಬಂದಿವೆಯೇ ಎಂದು ಅಲ್ಲಲ್ಲಿ ತೆರೆದು ಪರೀಕ್ಷಿಸಿದೆ. ಪರೀಕ್ಷಿಸದೆ ಅಳಿಸುವವರು ಈ ಕೆಲಸಕ್ಕೆ ಬರಬಾರದು. ಆಮೇಲೆ ಕೇಬಲ್ ತೆಗೆದು, ಫೋನಿನ ಫೈಲುಗಳ ಆ್ಯಪಿನಲ್ಲೇ, ಉಮ್ಮನಿಗೆ ಕಾಣುವಂತೆ ಹಿಡಿದು, ಬಂದ ವಿಡಿಯೊಗಳ ಫೋಲ್ಡರನ್ನೂ ಸೆಂಟ್ ಫೋಲ್ಡರನ್ನೂ ಖಾಲಿ ಮಾಡಿದೆ.

"ಈಗ ನೋಡಿ ಉಮ್ಮ, ಬೀಳ್ತದೆ."

ಮೂವರೂ ಉಮ್ಮನ ಫೋನಿನ ಮೇಲೆ ಬಗ್ಗಿದೆವು, ಸೊಸೆಯೂ ಬಂದಳು. ಟಿಕ್ ಒಂದೇ. ಹೂವಿನಕ್ಕನ ವಾಟ್ಸ್ಯಾಪ್ ಒತ್ತಿದೆ, ತೆರೆಯಲಿಲ್ಲ. ಅದೇ ಚೌಕ. ಸ್ಟೋರೇಜಿನ ಪಟ್ಟಿ ಒಂದು ಕೂದಲಷ್ಟೂ ಅಲುಗಿರಲಿಲ್ಲ. ಉಮ್ಮ ನಿಟ್ಟುಸಿರು ಬಿಟ್ಟು ಕುರ್ಚಿಗೆ ಒರಗಿದರು. "ಇರ್ಲಿ ಬಿಡು ಮಗಳೇ. ನೀನು ಕಷ್ಟಪಟ್ಟಿ," ಎಂದರು. ಆ ದಾಕ್ಷಿಣ್ಯದ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ಚುಚ್ಚಿತು.

ಅಷ್ಟೂ ಅಳಿಸಿ ಜಾಗ ಬರಲಿಲ್ಲವೆಂದರೆ ಅದು ಎಲ್ಲೋ ಇದೆ. ಗ್ಯಾಲರಿಯ ಬುಟ್ಟಿ ತೆರೆದೆ, ಖಾಲಿ. ನಿನ್ನೆ ನಾನೇ ಖಾಲಿ ಮಾಡಿದ್ದು. ಆಗ ಹೊಳೆಯಿತು. ನಾನು ಅಳಿಸಿದ್ದು ಗ್ಯಾಲರಿಯಿಂದಲ್ಲ, ಫೈಲುಗಳ ಆ್ಯಪಿನಿಂದ. ಕೆಲವು ಫೋನುಗಳಲ್ಲಿ ಅದಕ್ಕೆ ಅದರದ್ದೇ ಬೇರೆ ಬುಟ್ಟಿ ಇರುತ್ತದೆ. ಮೂಲೆಯ ಮೂರು ಚುಕ್ಕಿ ಒತ್ತಿ ಹುಡುಕಿದರೆ ಎಲ್ಲವೂ ಅಲ್ಲೇ ಜೋಡಿಸಿ ಕೂತಿದ್ದವು. ಒಂದೇ ಮನೆಗೆ ಎರಡು ಕಸದ ಬುಟ್ಟಿ ಇಟ್ಟವರಿಗೆ ಮನಸ್ಸಿನಲ್ಲೇ ಒಂದಿಷ್ಟು ಬೈದು, ಎಂಪ್ಟಿ ಒತ್ತಿದೆ. ಪಟ್ಟಿಯ ಬಣ್ಣ ಸರ್ರನೆ ಹಿಂದೆ ಸರಿಯಿತು. ಉಮ್ಮನ ಕಡೆ ಪರದೆ ಹಿಡಿದು ವಾಟ್ಸ್ಯಾಪ್ ಒತ್ತಿದೆ.

ತೆರೆಯಿತು. ಟಿಣ್ ಎಂದಿತು.

ಉಮ್ಮನ ಫೋನಿನಲ್ಲಿ, "ಬಂದಿದ್ದಾರೆ, ಶರಬತ್ತು ಕುಡಿದ್ರು" ಎಂಬ ಮಾತಿನ ಕೆಳಗೆ, ಎರಡನೇ ಟಿಕ್ ಬಿತ್ತು. ನಾವೆಲ್ಲ ನೋಡುತ್ತಿದ್ದಂತೆ, ಕಣ್ಣೆದುರಿಗೇ.

ಹೂವಿನಕ್ಕ ಚಪ್ಪಾಳೆ ತಟ್ಟಿದರು. ನನಗೂ ಕೂಗಬೇಕೆನಿಸುವಷ್ಟು ಖುಷಿಯಾಯಿತು, ಸಣ್ಣ ಮಕ್ಕಳ ಹಾಗೆ. ಉಮ್ಮ ಮಾತ್ರ ಪರದೆಯನ್ನು ಕಣ್ಣ ಹತ್ತಿರ ತಂದು ಆ ಎರಡು ಗೀಟುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ಹಾಗಾದ್ರೆ ಅವನು ಸುಳ್ಳು ಹೇಳಿದ್ದಲ್ಲ," ಎಂದರು.

ನಮಗೆ ಅರ್ಥವಾಗಲಿಲ್ಲ. ಸೊಸೆ ತಲೆ ತಗ್ಗಿಸಿ ಹೇಳಿದಳು. ಕಳೆದ ಹಬ್ಬದ ಹೊತ್ತಿಗೆ, ಉಮ್ಮ ಮಗನಿಗೆ ದಿನಾ ಕಳುಹಿಸುತ್ತಿದ್ದ ಧ್ವನಿ ಸಂದೇಶಗಳಿಗೆ ಒಂದೇ ಟಿಕ್ ಬಿದ್ದಿತ್ತಂತೆ. ಆಮೇಲೆ ಅವನು ಫೋನ್ ಮಾಡಿ, "ಮೆಮರಿ ಫುಲ್ ಇತ್ತು ಉಮ್ಮ, ಯಾವುದೂ ಬರಲಿಲ್ಲ" ಎಂದಿದ್ದ. ಉಮ್ಮ ನಂಬಲಿಲ್ಲ. ಅಮ್ಮನ ಮಾತು ಕೇಳಲು ಬೇಸರವಾಗಿ ಬಾಗಿಲು ಹಾಕಿಕೊಂಡ, ಈಗ ನೆಪ ಹೇಳುತ್ತಾನೆ ಎಂದುಕೊಂಡರು. ಅಂದಿನಿಂದ ಅವನು ಫೋನ್ ಮಾಡಿದರೆ ಊಟ ಆಯಿತಾ, ಹುಷಾರಾ ಎನ್ನುವಷ್ಟೇ ಮಾತು. ತಾವಾಗಿ ಒಂದು ಸಂದೇಶವನ್ನೂ ಕಳುಹಿಸಿರಲಿಲ್ಲ. ಅವನು ಎಷ್ಟು ಸಲ ಕೇಳಿದರೂ, ನನಗೆ ಪುರುಸೊತ್ತಿಲ್ಲ ಎನ್ನುತ್ತಿದ್ದರು.

ಹೂವಿನಕ್ಕನ ಮೇಲಿನ ಸಿಟ್ಟಿನ ಬೇರು ಎಲ್ಲಿತ್ತೆಂದು ನನಗೆ ಆಗ ತಿಳಿಯಿತು. ಪಾಪ ಉಮ್ಮ! ಟಿಕ್ಕಿನ ಪಾಠ ಮಾಡಿದ ಮಗ ಕೋಣೆ ತುಂಬುವ ಪಾಠ ಮಾಡಲು ಮರೆತಿದ್ದ.

ಉಳಿದ ಕೆಲಸ ಮುಗಿಸಿದೆ. ಹೂವಿನಕ್ಕನ ಫೋನಿನಲ್ಲಿ ಆಟೋ ಡೌನ್‌ಲೋಡ್ ಆಫ್ ಮಾಡಿದೆ. ಇನ್ನು ಮುಂದೆ ಬೇಕೆನಿಸಿದ್ದನ್ನು ಒತ್ತಿದರೆ ಮಾತ್ರ ಇಳಿಯುತ್ತದೆ. ಬಂದ ವಿಡಿಯೊ ಗ್ಯಾಲರಿಗೆ ಹೋಗಿ ಕೂರದಂತೆ ಮಾಡಿದೆ. ಹೂವಿನ ಮನೆಗಳ ಮೆಸೇಜುಗಳಿಗೆಲ್ಲ ಒಂದು ದಿನದ ಆಯುಷ್ಯ ಇಟ್ಟೆ. ಮರುದಿನಕ್ಕೆ ತಾವಾಗಿಯೇ ಮಾಯವಾಗುತ್ತವೆ. "ಹೂವಿನ ಹಾಗೆಯೇ," ಎಂದು ಹೂವಿನಕ್ಕ ಒಪ್ಪಿಕೊಂಡರು. ದಿನಾ ವಿಡಿಯೊ ಬೇಡ, ಬಾಯಿಮಾತು ಸಾಕು, ಮದುವೆಯ ಆರ್ಡರ್ ಇದ್ದರೆ ಮಾತ್ರ ವಿಡಿಯೊ ಎಂದೂ ತೀರ್ಮಾನವಾಯಿತು. ಹಳೆಯ ವಿಡಿಯೊಗಳನ್ನು ಎರಡು ಪೆನ್‌ಡ್ರೈವಿಗೆ ತುಂಬಿಸಿ ಕೊಡುತ್ತೇನೆಂದು ಹೇಳಿದೆ. ಒಂದು ಹಾಳಾದರೆ ಇನ್ನೊಂದು ಇರಲಿ.

"ಕಾರ್ಕಳದ ಮದುಮಗಳಿಗೆ ಎಷ್ಟು ಬೇಕು?" ಎಂದು ಉಮ್ಮ ಕೇಳಿದರು.

"ಶನಿವಾರ ನೀವು ಕೊಟ್ಟಷ್ಟು," ಎಂದರು ಹೂವಿನಕ್ಕ.

"ಇವತ್ತಿನಿಂದಲೇ ಗಿಡಕ್ಕೆ ನೀರು ಸರಿ ಬಿಡ್ಬೇಕು ಹಾಗಾದ್ರೆ. ಬಾಡಿದ್ದನ್ನೆಲ್ಲ ತೆಗಿಬೇಕು," ಎಂದು ಉಮ್ಮ ಏಳಲು ಹೊರಟವರು ಮತ್ತೆ ಕೂತರು. ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡರು. ಈ ಸಲ ಮಾತು ಬ್ಯಾರಿಯಲ್ಲೇ, ಬಹಳ ಉದ್ದ. ನನಗೆ ಅರ್ಥವಾದದ್ದು ಮಗನ ಹೆಸರು, ಮೆಮರಿ ಫುಲ್ ಎಂಬ ಮಾತು, ಮತ್ತು ನಡುವೆ ಒಮ್ಮೆ ಅವರು ನಕ್ಕದ್ದು. ಮುಗಿಸಿ ಬೆರಳು ತೆಗೆದರು. ಫೋನನ್ನು ಕುರ್ಚಿಯ ಮೇಲೆ ಹಾಗೇ ಬಿಟ್ಟು, ನೀರಿನ ಪೈಪ್ ಹುಡುಕುತ್ತಾ ಮನೆಯ ಹಿಂದಕ್ಕೆ ಹೋದರು.

ಹೂವಿನಕ್ಕ ಬಗ್ಗಿ ನೋಡಿ ಕೂಗಿದರು: "ಎರಡು ಬಿತ್ತು ಉಮ್ಮಾ!"

"ಬೀಳ್ತದೆ, ಬೀಳ್ತದೆ," ಎಂದು ಹಿಂದಿನಿಂದ ಉತ್ತರ ಬಂತು. ನೋಡಲು ಅವರು ಬರಲಿಲ್ಲ.